ಚುಕ್ಕಿಯೊಳಗಿನ ನಲವತ್ತೈದು

ಮಾನವ ತಳಿಶಾಸ್ತ್ರ ಕಲಿಸುವವರಲ್ಲಿ ಎರಡು ಬಗೆ. ಪುಸ್ತಕ ನೋಡಿ ಬರೆಸುವವರು ಒಂದು ಬಗೆ, ನಗುನಗುತ್ತ ತಿಳಿಸಿಕೊಡುತ್ತೇನೆ ಎಂದು ಹೊರಟವರು ಇನ್ನೊಂದು ಬಗೆ. ಮೊದಲನೆಯವರಿಂದ ಯಾರಿಗೂ ಅಪಾಯವಿಲ್ಲ. ನಾನು ಎರಡನೆಯವನು.

ಸಿಂದಗಿಯಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲಿಗೆಯ ಪಾಠ ಮಾಡಿದೆ. ನಾಲಿಗೆಯನ್ನು ಕೊಳವೆಯಂತೆ ಮಡಚುವುದು ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಅದು ತಂದೆತಾಯಿಯಿಂದ ಬರುವ ಗುಣ ಎಂದು ನಾನು ಓದಿದ ಹಳೆಯ ಪುಸ್ತಕದಲ್ಲಿತ್ತು. ಇಡೀ ತರಗತಿಗೆ ಒಮ್ಮೆಲೇ ನಾಲಿಗೆ ಚಾಚಲು ಹೇಳಿದೆ. ಹುರುಪಿನಲ್ಲಿ ನಾನೂ ಚಾಚಿದೆ. ಕಾಲೇಜು ನೋಡಲು ಬಂದ ಊರ ಹಿರಿಯರನ್ನು ಕರೆದುಕೊಂಡು ಪ್ರಾಚಾರ್ಯರು ಬಾಗಿಲಿಗೆ ಬಂದದ್ದು ಅದೇ ಹೊತ್ತಿಗೆ. ಹಿರಿಯರು ನಮ್ಮನ್ನು ಸ್ವಲ್ಪ ಹೊತ್ತು ನೋಡಿ ಮುಂದೆ ಹೋದರು. ನಾಲಿಗೆಯ ವಿಷಯ ಅಷ್ಟು ಸರಳವಲ್ಲ, ಪುಸ್ತಕದ ಮಾತೇ ಪೂರ್ತಿ ಸರಿಯಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಮರ್ಯಾದೆ ಹೋದದ್ದಾದರೂ ಸರಿಯಾದ ಪಾಠಕ್ಕೆ ಹೋಗಬಾರದಿತ್ತೆ ಎಂದು ಬಹಳ ದಿನ ಕೊರಗಿದೆ.

ಮುದ್ದೇಬಿಹಾಳಕ್ಕೆ ವರ್ಗವಾದ ಮೇಲೆ ಬಟಾಣಿ ಹಿಡಿದೆ. ಕಿರಾಣಿ ಅಂಗಡಿಯಿಂದ ಹಸಿರು ಬಟಾಣಿ, ಹಳದಿ ಬಟಾಣಿ ತಂದು ಕಲಸಿ, ಹೇಗೆ ಬೇರೆ ಮಾಡಬೇಕು ಎಂದು ನಾನೇ ಎರಡು ಗುಂಪು ಮಾಡಿ ತೋರಿಸಿದೆ. ಮುಂದಿನ ಬೆಂಚಿನ ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಸದ್ದಿಲ್ಲದೆ ನನ್ನ ಎರಡೂ ಗುಂಪುಗಳನ್ನು ಮತ್ತೆ ಕಲಸಿ ಬೇರೆ ಮಾಡತೊಡಗಿದರು. ಕಲಿಯುವ ಆಸಕ್ತಿ ಎಂದರೆ ಇದು ಎಂದು ನಾನು ಹಿಗ್ಗಿ, ಸಂಜೆ ಹೆಂಡತಿಯ ಮುಂದೆ ಕೊಚ್ಚಿಕೊಂಡೆ. ಅವಳು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ಹೆಂಡತಿಯ ತವರು ಬಸವನ ಬಾಗೇವಾಡಿ. ಕೊನೆಗೆ ನಾವು ಬಂದು ನೆಲೆಸಿದ್ದೂ ಇಲ್ಲೇ, ಇಲ್ಲಿಯ ಒಂದು ಪದವಿ ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ವಿಭಾಗ ಸಿಕ್ಕಿತು. ಮದುವೆಯಾದಾಗಿನಿಂದ ನನ್ನ ಅಂಗಿ, ಪ್ಯಾಂಟು ಆರಿಸುವವಳು ಅವಳೇ. "ನಿಮಗ ಬಣ್ಣ ತಿಳಿಯಂಗಿಲ್ರಿ" ಎನ್ನುತ್ತಿದ್ದಳು. ರುಚಿಯಿಲ್ಲದವನು ಎನ್ನುತ್ತಿದ್ದಾಳೆ ಎಂದು ತಿಳಿದು, ವಿಜ್ಞಾನಿಗೆ ಉಡುಪಿನ ಹಂಗೇಕೆ ಎಂದು ಸುಮ್ಮನಿದ್ದೆ. ಪ್ರಾಚಾರ್ಯರು ಎರಡು ಸಲ ಕರೆಸಿ, "ಹಸಿರು ಇಂಕಿನ್ಯಾಗ ತಿದ್ದಬ್ಯಾಡ್ರಿ ಸರ, ಅದು ನನ್ನ ಸಹಿಗಿ ಇರೂದು" ಎಂದಿದ್ದರು. ಕೆಂಪು ಪೆನ್ನು ಕೇಳಿದರೆ ಹಸಿರು ಕೊಟ್ಟ ಎಂದು ಪೆನ್ನಿನ ಅಂಗಡಿಯವನ ಮೇಲೆ ಸಿಟ್ಟಾಗಿದ್ದೆ.

ಇಷ್ಟೆಲ್ಲ ಆದರೂ ನನಗೆ ಹೊಳೆಯದ ಒಂದು ಸಂಗತಿ ಇತ್ತು. ಆ ಸಂಗತಿಯನ್ನೇ ನಾನು ಹದಿನೆಂಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಬರೆದು ಅಳಿಸಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ನನ್ನ ಮಟ್ಟಿಗೆ ದೀಪ ಎಂಬ ಮಾತೂ ಸ್ವಲ್ಪ ಹೆಚ್ಚೇ.

ಎರಡು ವರ್ಷದ ಹಿಂದೆ, ಬಣ್ಣಗುರುಡಿನ ಪಾಠವನ್ನು ಚಿತ್ರ ತೋರಿಸಿ ಮಾಡಬೇಕೆಂದು ಮನಸ್ಸು ಮಾಡಿದೆ. ಬಣ್ಣಬಣ್ಣದ ಚುಕ್ಕಿಗಳ ದುಂಡನೆಯ ಚಿತ್ರಗಳು. ಚುಕ್ಕಿಗಳ ನಡುವೆ ಬೇರೆ ಬಣ್ಣದ ಚುಕ್ಕಿಗಳಲ್ಲಿ ಒಂದು ಅಂಕಿ ಅಡಗಿರುತ್ತದೆ. ಕಣ್ಣು ಸರಿಯಿದ್ದವರು ಥಟ್ಟನೆ ಓದುತ್ತಾರೆ. ಕೆಂಪು ಹಸಿರು ಬೇರೆಯಾಗಿ ಕಾಣದವರಿಗೆ ಬರೀ ಚುಕ್ಕಿ. ಬಸ್ ಸ್ಟ್ಯಾಂಡಿನ ಎದುರಿನ ಝರಾಕ್ಸ್ ಅಂಗಡಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿದೆ. ಒಂದೆರಡರಲ್ಲಿ ನನಗೆ ಏನೂ ಕಾಣಲಿಲ್ಲ.

"ನಿಮ್ಮ ಮಶೀನಿನ ಇಂಕು ಮುಗದೈತಿ, ಮತ್ತೊಂದು ತಗೀರಿ" ಎಂದೆ.

ಅಂಗಡಿಯಾತ ಹಾಳೆಯನ್ನು ಬೆಳಕಿಗೆ ಹಿಡಿದ. "ಇಂಕ್ ಚಲೋ ಐತ್ರಿ ಸರ. ನಲ್ವತ್ತೈದು ನೆಟ್ಟಗ ಕಾಣಾಕತ್ತೈತಲ್ರಿ."

ಮೂರು ಸಲ ತೆಗೆಸಿದೆ. ಮೂರು ಸಲವೂ ಅವನಿಗೆ ನಲವತ್ತೈದು ಕಂಡಿತು, ನನಗೆ ಅವನ ತಾಳ್ಮೆ ಕಂಡಿತು. ಕೊನೆಗೆ ಚಾಳೀಸು ಬದಲಾಯಿಸಬೇಕು ಎಂದುಕೊಂಡು, ಪ್ರತಿ ಹಾಳೆಯ ಹಿಂದೆ ಉತ್ತರವನ್ನು ಪೆನ್ಸಿಲಿನಿಂದ ಬರೆದುಕೊಂಡು ಮನೆಗೆ ಬಂದೆ.

ತರಗತಿಯಲ್ಲಿ ಮೊದಲು ತತ್ತ್ವ ಹೇಳಿದೆ. ನನ್ನ ಹೆಮ್ಮೆಯ ಹೋಲಿಕೆ ಒಂದಿದೆ, ಕೀಲಿಕೈ. ಕೆಂಪು ಹಸಿರು ಬೇರೆ ಮಾಡುವ ಗುಣದ ಕೀಲಿಕೈ ಹೆಂಗಸರ ಹತ್ತಿರ ಎರಡಿರುತ್ತದೆ, ಒಂದು ಅಪ್ಪನಿಂದ ಬಂದದ್ದು, ಒಂದು ಅವ್ವನಿಂದ. ಗಂಡಸರ ಹತ್ತಿರ ಒಂದೇ, ಅದು ಅವ್ವನಿಂದ ಬಂದದ್ದು. ಗಂಡಸಿನ ಆ ಒಂದು ಕೀಲಿಕೈ ಮುರಿದಿದ್ದರೆ ಬಾಗಿಲು ತೆರೆಯುವುದಿಲ್ಲ. ಹೆಂಗಸಿನದು ಒಂದು ಮುರಿದರೂ ಇನ್ನೊಂದು ಇರುತ್ತದೆ. ಆದ್ದರಿಂದ ಅವಳಿಗೆ ಬಣ್ಣ ಕಾಣುತ್ತದೆ, ಆದರೆ ಮುರಿದ ಕೀಲಿಕೈಯನ್ನು ಮಗನಿಗೆ ದಾಟಿಸಬಲ್ಲಳು. ಇಲ್ಲಿಯವರೆಗೆ ಪಾಠ ಸರಿಯಾಗಿತ್ತು.

ಆಮೇಲೆ ಹಾಳೆಗಳನ್ನು ಒಂದೊಂದಾಗಿ ಎತ್ತಿ ಹಿಡಿದೆ. ಮಕ್ಕಳು ಒಕ್ಕೊರಲಿನಿಂದ ಅಂಕಿ ಕೂಗಿದರು. ನಾನು ಹಿಂದೆ ಬರೆದದ್ದನ್ನು ಕಳ್ಳಗಣ್ಣಿನಿಂದ ನೋಡಿ "ಶಾಬಾಸ್" ಎನ್ನುತ್ತಿದ್ದೆ. ನಲವತ್ತೈದರ ಹಾಳೆ ಬಂದಾಗ ಮೂರನೆಯ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ, ನನಗ ಏನೂ ಕಾಣವಲ್ದ್ರಿ."

"ನೆಟ್ಟಗ ನೋಡವಾ."

"ನೋಡಾಕತ್ತೇನ್ರಿ. ಬರೇ ಚುಕ್ಕಿ ಅದಾವ್ರಿ."

ಈ ಹುಡುಗಿಯ ಬಗ್ಗೆ ಹೇಳಬೇಕು. ಹೂವಿನ ಹಿಪ್ಪರಗಿಯ ಹತ್ತಿರದ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅಪ್ಪನಿಗೆ ಕುರಿ ಹಿಂಡು, ಸ್ವಲ್ಪ ತೊಗರಿ ಹೊಲ. ಆ ಮನೆತನದಲ್ಲಿ ಪದವಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿನವಳು. ಎಲ್ಲದರಲ್ಲೂ ಚುರುಕು, ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಮಾತ್ರ ನಪಾಸು. ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ, ತಿಳಿ ಗುಲಾಬಿ ಬಣ್ಣ ಬಂದೊಡನೆ ನಿಲ್ಲಿಸಬೇಕು. ಅವಳು ಯಾವತ್ತೂ ದಾಟಿ ಹೋಗುತ್ತಿದ್ದಳು. ಇನ್ನೊಂದು ಸಲ ನಪಾಸಾದರೆ ಕಾಲೇಜು ಬಿಡಿಸುತ್ತೇನೆ ಎಂದು ಅಪ್ಪ ಹೇಳಿದ್ದ. ಬಣ್ಣ ಗೊತ್ತಾಗುವುದಿಲ್ಲ ಎಂದು ಅವಳು ಹೇಳಿಕೊಂಡಾಗ ರಸಾಯನಶಾಸ್ತ್ರದ ಸಹೋದ್ಯೋಗಿ ಸ್ಟಾಫ್ ರೂಮಿನಲ್ಲಿ ನನ್ನನ್ನು ಕೇಳಿದ್ದರು.

"ಏನ್ರೀ ಸರ, ಹುಡುಗಿಗಿ ಬಣ್ಣ ಕಾಣಂಗಿಲ್ಲಂತ. ಹಂಗ ಆಗತೈತೇನ್ರಿ?"

ನಾನು ಚುರಮುರಿ ತಿನ್ನುತ್ತಿದ್ದೆ. "ಹುಡುಗರಿಗಿ ಆಗತೈತ್ರಿ. ಹುಡುಗ್ಯಾರಿಗಿ ಎಲ್ಲಿಂದ ಬರತೈತಿ?" ಎಂದು ತಿನ್ನುವುದನ್ನು ಮುಂದುವರಿಸಿದೆ. ಹುಡುಗಿಯರಿಗೂ ಬರಬಹುದು, ಅಪರೂಪಕ್ಕೆ, ಎರಡೂ ಕೀಲಿಕೈ ಮುರಿದು ಬಂದಿದ್ದರೆ. ಅದು ನನಗೆ ಗೊತ್ತಿತ್ತು. ಆದರೆ ಬಾಯಿ ತುಂಬ ಚುರಮುರಿ ಇದ್ದಾಗ ಅಪರೂಪದ ಮಾತುಗಳು ಹೊರಗೆ ಬರುವುದಿಲ್ಲ.

ಈಗ ಅವಳು ನಿಂತಿದ್ದಳು. ನಾನು ಕೈಯಲ್ಲಿದ್ದ ಹಾಳೆಯನ್ನು ನೋಡಿದೆ. ನನಗೂ ಬರೀ ಚುಕ್ಕಿ. ಗೊತ್ತಾಗಲಿಲ್ಲ ಎಂದು ಇವತ್ತು ಹೇಳಿದರೆ ಅದು ಎರಡನೆಯ ಸುಳ್ಳಾಗುತ್ತದೆ. ಅರ್ಧ ಗೊತ್ತಾಯಿತು. ಉಳಿದರ್ಧ ಗೊತ್ತಾಗದಂತೆ ನಾನೇ ನೋಡಿಕೊಂಡೆ. ಹಾಳೆ ತಿರುಗಿಸಿ ಪೆನ್ಸಿಲಿನ ಅಂಕಿ ಓದಿ, ದೊಡ್ಡ ದನಿಯಲ್ಲಿ ಹೇಳಿದೆ.

"ನಲವತ್ತೈದು. ಇದು ಹೆಣ್ಣುಮಕ್ಕಳಿಗಿ ಬರಂಗಿಲ್ಲವಾ, ಈಗಷ್ಟ ಹೇಳೇನಿ. ಸುಳ್ಳ ಹೇಳಿದ್ರ ಕೆಮಿಸ್ಟ್ರಿ ಪಾಸ್ ಆಗಂಗಿಲ್ಲ."

ತರಗತಿ ಗೊಳ್ಳೆಂದು ನಕ್ಕಿತು. ಪಾಠ ರಂಜನೀಯವಾಗಿರಬೇಕು ಎಂಬ ನನ್ನ ಬಹುದಿನದ ಆಸೆ ಈಡೇರಿತು. "ಹೌದ್ರಿ" ಎಂದು ಅವಳು ಕೂತಳು. ಏನಕ್ಕೆ ಹೌದು ಎಂದಳೋ.

ಆ ವಾರದ ಕೊನೆಗೆ ವಂಶದ ನಕ್ಷೆ ಬರೆದು ತರಲು ಹೇಳಿದೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಮದುವೆಗೆ ನಡುವೆ ಒಂದು ಗೆರೆ, ರಕ್ತಸಂಬಂಧದಲ್ಲಿ ಮದುವೆಯಾಗಿದ್ದರೆ ಎರಡು ಗೆರೆ. ಒಂದು ಗುಣ ಇದ್ದವರ ಗುರುತಿಗೆ ಒಳಗೆ ಕಪ್ಪು ತುಂಬಬೇಕು. ಮಾದರಿಗೆ ನನ್ನ ಮನೆತನದ್ದನ್ನೇ ಹಲಗೆಯ ಮೇಲೆ ಬರೆದೆ.

ನಕ್ಷೆಗಳು ಬಂದವು. ಸಂಜೆ ಟಿವಿಯಲ್ಲಿ ಕ್ರಿಕೆಟ್ ನೋಡುತ್ತ ಎಲ್ಲವಕ್ಕೂ ಸಹಿ ಹಾಕಿದೆ. ಆಟ ಬಿಸಿಯಾಗಿತ್ತು, ಹೆಚ್ಚು ನೋಡಲಿಲ್ಲ. ಆದರೂ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಹಾಳೆ ಹಾಳೆಯಲ್ಲೂ ಚೌಕಗಳೇ. ಚೌಕದ ಕೆಳಗೆ ಚೌಕ, ಅದರ ಕೆಳಗೆ ನಾಲ್ಕು ಚೌಕ. ಏಳೆಂಟು ತಲೆಮಾರು ಗಂಡಸರು ಗಂಡಸರಿಂದಲೇ ಹುಟ್ಟಿದ್ದರು.

ಕಾರಣ ಕೇಳಿದಾಗ ತಿಳಿಯಿತು. ಮನೆಯವರನ್ನು ಕೇಳಿದರೆ ಅವರು, ಸುಗ್ಗಿ ಮುಗಿದ ಮೇಲೆ ಬರುವ ಹೆಳವರನ್ನು ಕೇಳು ಎಂದಿದ್ದರು. ಹೆಳವರು ನಮ್ಮ ಕಡೆ ಮನೆತನಗಳ ವಂಶಾವಳಿ ಇಟ್ಟುಕೊಂಡವರು. ಹಿಂದೆ ಎತ್ತಿನ ಮೇಲೆ ಬರುತ್ತಿದ್ದರು, ಈಗ ಗಾಡಿಯಲ್ಲಿ ಬರುತ್ತಾರೆ. ದಪ್ಪ ಪುಸ್ತಕ ತೆರೆದು, ನಿಮ್ಮ ಮುತ್ಯಾನ ಮುತ್ಯಾ ಎಲ್ಲಿಂದ ಬಂದ, ಅವನ ಮಕ್ಕಳು ಯಾರು ಎಂದು ರಾಗವಾಗಿ ಓದಿ, ಕೊಟ್ಟ ಕಾಳು ಕಡಿ ತೆಗೆದುಕೊಂಡು ಹೋಗುತ್ತಾರೆ. ಆ ವರ್ಷ ಅವರು ಬಂದು ಹೋಗಿ ಸ್ವಲ್ಪ ದಿನವಾಗಿತ್ತಷ್ಟೇ, ಓದಿದ್ದನ್ನು ಹುಡುಗರು ಮೊಬೈಲಿನಲ್ಲಿ ಹಿಡಿದುಕೊಂಡಿದ್ದರು. ಅದನ್ನೇ ಇಳಿಸಿ ತಂದಿದ್ದರು. ಅವರು ಓದುವುದು ಗಂಡುಮಕ್ಕಳ ಸಾಲು. ಹೊಲ ಹಂಚಿಕೊಳ್ಳುವವರ ಸಾಲು.

"ಏನಪಾ, ನಿಮ್ಮ ಊರಾಗ ಗಂಡಸರು ಹಡೀತಾರೇನು?" ಎಂದು ಹಂಗಿಸಿದೆ.

ಹಿಂದಿನ ಬೆಂಚಿನ ಒಬ್ಬ ಶಾಂತವಾಗಿ ಎದ್ದ. "ಸರ, ನೀವು ಬೋರ್ಡಿನ ಮ್ಯಾಲ ಬರದದ್ರಾಗೂ ಬರೇ ಚೌಕ ಅದಾವ್ರಿ. ನಿಮ್ಮ ಆಯಿಯ ಅವ್ವನ ಹೆಸರ ಏನ್ರಿ?"

ತಿರುಗಿ ನೋಡಿದೆ. ಹಲಗೆಯ ಮೂಲೆಯಲ್ಲಿ ಯಾರೂ ಅಳಿಸದೆ ಬಿಟ್ಟ ನನ್ನ ಮಾದರಿ ಇತ್ತು. ನನ್ನ ಅವ್ವ ಕೂಡ ಅದರಲ್ಲಿರಲಿಲ್ಲ. ಅಜ್ಜಿಯ ಅವ್ವನ ಹೆಸರು ನನಗೆ ಗೊತ್ತಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಯಾರೂ ಅನ್ನಲಿಲ್ಲ. ಮಕ್ಕಳು ಒಳ್ಳೆಯವರು.

ಅಂದು ಮೂರನೆಯ ಬೆಂಚಿನಲ್ಲಿ ಆ ಹುಡುಗಿಯ ಜಾಗ ಖಾಲಿಯಿತ್ತು. ಅವಳ ಊರಿನ ಕಡೆಯ ಹುಡುಗಿಯೊಬ್ಬಳನ್ನು ಕೇಳಿದೆ. "ಆಕಿ ಇನ್ನ ಬರಂಗಿಲ್ರಿ ಸರ. ಸುಳ್ಳ ಹೇಳಿ ಸಿಕ್ಕಬಿದ್ಳಂತ ಬಸ್ಸಿನಾಗ ಎಲ್ಲಾರೂ ಆಡಿಕೊಂಡ್ರು. ಅವರಪ್ಪಗ ಗೊತ್ತಾತ್ರಿ. ಸಾಲಿ ಸಾಕು ಅಂದಾರಂತ."

ನಾಚಿಕೆಯಾಯಿತು ಎಂದು ಬರೆಯುವುದು ಸುಲಭ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಹೆದರಿಕೆ, ಎಲ್ಲಿ ನನ್ನ ಹೆಸರು ಕೆಡುತ್ತದೋ ಎಂದು. ನಾಚಿಕೆ ಅದರ ಹಿಂದೆ ನಿಧಾನವಾಗಿ ಬಂತು, ಬಂದದ್ದು ಹೋಗಲಿಲ್ಲ.

ಭಾನುವಾರ ಇಂಡಿ ತಾಲೂಕಿನ ನಮ್ಮೂರಿಗೆ ಹೋದೆ. ಅಣ್ಣನ ಸಂಸಾರದ ಜೊತೆ ಅವ್ವ ಇರುತ್ತಾಳೆ. ತೋಟದ ಗುಡಿಸಲಿನ ನೆರಳಿನಲ್ಲಿ ಕೂತು ಲಿಂಬಿ ಆರಿಸುತ್ತಿದ್ದಳು. ಹಣ್ಣು ಒಂದು ಬುಟ್ಟಿಗೆ, ಕಾಯಿ ಒಂದು ಬುಟ್ಟಿಗೆ, ಕೈ ತಡೆಯಿಲ್ಲದೆ ಓಡುತ್ತಿತ್ತು. ನಾನು ಸಹಾಯ ಮಾಡಲು ಕೈ ಚಾಚಿದೆ.

"ನೀ ಬ್ಯಾಡಪಾ, ನೀ ಸುಮ್ನ ಕುಂಡ್ರು" ಎಂದಳು.

ನೋಟ್‌ಬುಕ್ ತೆರೆದು, ನಮ್ಮ ಮನೆತನದ ಹೆಂಗಸರ ಹೆಸರು ಹೇಳು ಎಂದೆ. ಅವಳು ಶುರುಮಾಡಿದಳು. ಯಾರನ್ನು ಎಲ್ಲಿಂದ ತಂದರು, ಯಾರನ್ನು ಎಲ್ಲಿಗೆ ಕೊಟ್ಟರು, ಯಾರ ಕುಪ್ಪಸದ ಖಣ ಯಾರಿಗೆ ಸೇರಿತು, ಯಾರ ಸೀಮಂತದಲ್ಲಿ ಯಾರು ಜಗಳಾಡಿದರು. ಎರಡು ಬುಟ್ಟಿ ತುಂಬುವುದರೊಳಗೆ ಐದು ತಲೆಮಾರು ಮುಗಿದವು, ನನ್ನ ಪುಟಗಳು ವೃತ್ತಗಳಿಂದ ತುಂಬಿದವು. ಹೆಳವರ ಪುಸ್ತಕ ಗಾಡಿಯಲ್ಲಿ ಬರುತ್ತದೆ, ಇವಳ ಪುಸ್ತಕ ತೋಟದಲ್ಲಿ ಕೂತಿತ್ತು, ಕೇಳುವವರು ಇರಲಿಲ್ಲ.

ಕೊನೆಗೆ ಕೇಳಿದೆ. "ಅವ್ವಾ, ನಮ್ಮ ಪೈಕಿ ಯಾರಿಗರ ಬಣ್ಣ ತಿಳೀತಿರಲಿಲ್ಲೇನು?"

"ನಿನ್ನ ಸ್ವಾದರಮಾವಗ ಎಲ್ಲಿ ತಿಳೀತಿತ್ತು? ಕಾಯಿ ಹಣ್ಣು ಒಂದ ಬುಟ್ಟಿಗಿ ಹಾಕ್ತಿದ್ದ. ನಮ್ಮವ್ವನ ಅಪ್ಪಗೂ ಹಂಗ ಇತ್ತಂತ, ನಮ್ಮವ್ವ ಹೇಳ್ತಿದ್ಳು." ಒಂದು ಲಿಂಬಿಕಾಯಿಯನ್ನು ಎತ್ತಿ ನೋಡಿ ಬುಟ್ಟಿಗೆ ಹಾಕಿದಳು. "ಮತ್ತ ನಿನಗ."

"ನನಗಂತ ಗೊತ್ತಿದ್ರ ಹೇಳಬಾರದೇನು?"

"ಹೇಳೂದೇನೈತಿ? ಲಿಂಬಿ ಆರಿಸಾಕ ಬರವಲ್ದು, ಇವ ತೋಟಕ್ಕ ನಡಿಯಂಗಿಲ್ಲ ಅಂತ ನಿನ್ನ ಸಾಲಿಗಿ ಹಾಕಿದ್ವಿ. ನಿಮ್ಮಣ್ಣಗ ಆರಿಸಾಕ ಬರತಿತ್ತು, ತೋಟದಾಗ ಉಳದ."

ನಾನು ಓದಿನಲ್ಲಿ ಜಾಣನೆಂದು ನನ್ನನ್ನು ಓದಿಸಿದರು ಎಂದು ಈ ವಯಸ್ಸಿನವರೆಗೂ ನಂಬಿದ್ದೆ. ನಿವೃತ್ತಿಯ ಭಾಷಣಕ್ಕೆ ಆ ಮಾತನ್ನು ಎತ್ತಿಟ್ಟಿದ್ದೆ ಕೂಡ. ಲಿಂಬಿ ಆರಿಸಲು ಬಾರದ್ದಕ್ಕೆ ನನಗೆ ಶಾಲೆ ಸಿಕ್ಕಿತು. ಅದೇ ದೋಷಕ್ಕೆ ಆ ಹುಡುಗಿಯ ಕಾಲೇಜು ತಪ್ಪುತ್ತಿತ್ತು. ತಪ್ಪಿಸಿದವನು ನಾನು. ಬಸ್ಸಿನಲ್ಲಿ ಬರುತ್ತ ಇದೊಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ನನಗೆ ಬಣ್ಣಗುರುಡು ಇದೆ ಎಂದು. "ಮತ್ತ ನಾ ಇಷ್ಟ ವರ್ಷ ಏನ್ ಹೇಳಾಕತ್ತಿದ್ದೆ?" ಎಂದಳು.

ಸೋಮವಾರ ಕಾಲೇಜಿನ ಕಪಾಟಿನಿಂದ ನಕ್ಷೆಗಳ ಕಟ್ಟು ತೆಗೆದು ಹುಡುಗಿಯ ಹಾಳೆ ಹುಡುಕಿದೆ. ಉಳಿದ ಹಾಳೆಗಳಂತೆ ಇರಲಿಲ್ಲ. ಚೌಕಗಳಷ್ಟೇ ವೃತ್ತಗಳಿದ್ದವು. ಮೂಲೆಯಲ್ಲಿ ಸಣ್ಣಗೆ ಬರೆದಿದ್ದಳು, "ಅವ್ವ ಹೇಳಿದಂತೆ." ಮೇಲೆ ಅಪ್ಪನ ಅವ್ವ. ಅವಳ ಕೆಳಗೆ ಇಬ್ಬರು, ಅಪ್ಪ ಮತ್ತು ಅಪ್ಪನ ಅಕ್ಕ. ಅಕ್ಕನ ಮಗಳೇ ಇವಳ ಅವ್ವ. ನಮ್ಮ ಕಡೆ ತಮ್ಮನಿಗೆ ಅಕ್ಕನ ಮಗಳನ್ನು ತರುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಅಪ್ಪ ಅವ್ವನ ನಡುವೆ ಹುಡುಗಿ ಸ್ಕೇಲ್ ಹಿಡಿದು ನೆಟ್ಟಗೆ ಎರಡು ಗೆರೆ ಎಳೆದಿದ್ದಳು. ಅಪ್ಪನ ಚೌಕಕ್ಕೆ ಕಪ್ಪು ತುಂಬಿದ್ದಳು. ಕೆಳಗೆ ತನ್ನ ವೃತ್ತಕ್ಕೂ ಕಪ್ಪು ತುಂಬಿದ್ದಳು.

ಸುಳ್ಳಿ ಎಂದವನಿಗೆ ಅವಳು ಕೊಟ್ಟ ಉತ್ತರ ಅದು. ಇದಕ್ಕಿಂತ ಚೆನ್ನಾಗಿ ನಾನೂ ಬರೆಯಲಾರೆ. ಅಜ್ಜಿಯ ಹತ್ತಿರ ಇದ್ದ ಒಂದು ಮುರಿದ ಕೀಲಿಕೈ ಮಗನಿಗೂ ಬಂತು, ಮಗಳಿಗೂ ಬಂತು. ಮಗಳಿಂದ ಅವಳ ಮಗಳಿಗೆ ದಾಟಿತು. ಆ ಮಗಳು ಸೋದರಮಾವನನ್ನೇ ಮದುವೆಯಾದಾಗ, ಎರಡು ದಾರಿಯಲ್ಲಿ ಬಂದ ಅದೇ ಕೀಲಿಕೈ ಈ ಹುಡುಗಿಯ ಎರಡೂ ಕೈ ಸೇರಿತು. ಹುಡುಗಿಗೂ ಬಣ್ಣಗುರುಡು ಬರುವ ಅಪರೂಪದ ದಾರಿ ಇದೇ. ನಾನು ಹದಿನೆಂಟು ವರ್ಷ ಕಲಿಸಿದ್ದನ್ನು ಒಬ್ಬಳಾದರೂ ಅರ್ಥ ಮಾಡಿಕೊಂಡಿದ್ದಳು. ಆ ಹಾಳೆಯ ಮೇಲೆ, ಎರಡು ಗೆರೆಯ ಪಕ್ಕದಲ್ಲಿ, ಕ್ರಿಕೆಟ್ ನೋಡುತ್ತ ನಾನು ಬರೆದಿದ್ದೆ: "ಎರಡು ಗೆರೆ ಏಕೆ? ಕೈ ನಡುಗಿತೆ?"

ಕಚೇರಿಯಿಂದ ನಂಬರ್ ಪಡೆದು ಅವಳ ಅಪ್ಪನಿಗೆ ಫೋನ್ ಮಾಡಿದೆ. "ನಾಳಿ ಟಿಸಿ ಒಯ್ಯಾಕ ಬರ್ತೇವ್ರಿ" ಎಂದರು. ಮಗಳನ್ನೂ ಅವಳ ಅವ್ವನನ್ನೂ ಕರೆದುಕೊಂಡು ಬನ್ನಿ ಎಂದು ಕೇಳಿಕೊಂಡೆ. ಮರುದಿನ ಬೆಳಿಗ್ಗೆ ರಸಾಯನಶಾಸ್ತ್ರದ ಸಹೋದ್ಯೋಗಿಯ ಹತ್ತಿರ ಹೋಗಿ ನಿಂತೆ. ಬಣ್ಣವನ್ನು ಜೊತೆಗಾರ್ತಿ ನೋಡಿ ಹೇಳಲಿ, ಉಳಿದದ್ದನ್ನು ಅವಳೇ ಮಾಡಲಿ, ಇದಕ್ಕೆ ಬೇಕಾದ ಅನುಮತಿಯನ್ನು ನಾನೇ ಬರೆದು ತರಿಸುತ್ತೇನೆ ಎಂದೆ. ಅವರು ಒಪ್ಪಿದರು. "ಹುಡುಗ್ಯಾರಿಗಿ ಬರಂಗಿಲ್ಲ ಅಂತ ನೀವ ಅಂದಿದ್ರಲ್ರಿ" ಎಂದಷ್ಟೇ ಕೇಳಿದರು. ಅಂದಿದ್ದೆ ಎಂದೆ.

ಅವರು ಹನ್ನೊಂದಕ್ಕೆ ಬಂದರು. ಪ್ರಯೋಗಾಲಯದಲ್ಲಿ ಕೂರಿಸಿದೆ. ಅಪ್ಪ ರುಮಾಲು ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ಗಾಜಿನ ಭರಣಿಯಲ್ಲಿದ್ದ ಹಾವನ್ನು ನೋಡುತ್ತ ಕೂತರು. ಕೈಯಲ್ಲಿ ಟಿಸಿಯ ಅರ್ಜಿ ಇತ್ತು. ಹುಡುಗಿ ನೆಲ ನೋಡುತ್ತಿದ್ದಳು. ಅವ್ವ ಬಾಗಿಲಿನಲ್ಲೇ ನಿಂತರು, ಎಷ್ಟು ಕರೆದರೂ ಒಳಗೆ ಬರಲಿಲ್ಲ.

"ಓದಾಕ ಮನಸ್ಸಿಲ್ಲಂದ್ರ ಇಲ್ಲ ಅಂತ ಹೇಳಬೇಕ್ರಿ ಸರ" ಎಂದರು ಅಪ್ಪ. "ಸುಳ್ಳ ಹೇಳೂದ್ಯಾಕ? ಮಂದಿ ನಗತಾರ."

ನಾನು ಚುಕ್ಕಿಯ ಹಾಳೆಯನ್ನು ಅವರ ಮುಂದಿಟ್ಟೆ. "ಇದರಾಗ ಒಂದು ಅಂಕಿ ಐತ್ರಿ. ಯಾವದು ನೋಡ್ರಿ."

ಅವರು ಬಹಳ ಹೊತ್ತು ನೋಡಿದರು. "ಅಂಕಿ ನನಗ ಬರತಾವ್ರಿ, ಫೋನ್ ಹಚ್ಚತೇನಲ್ಲ. ಆದ್ರ ಇದರಾಗ ಎಲ್ಲಿ ಐತ್ರಿ?"

"ಕುರಿಗಿ ಬಣ್ಣ ಹಚ್ಚಿ ಗುರುತ ಮಾಡತಾರಲ್ರಿ. ನಿಮ್ಮ ಕುರಿ ಯಾವ ಬಣ್ಣ?"

"ಬಣ್ಣ ಯಾಕ ಬೇಕ್ರಿ? ನಾ ಮಾರಿ ನೋಡಿ ಗುರುತ ಹಿಡೀತೇನಿ."

ಮಗಳು ಬರೆದ ನಕ್ಷೆಯನ್ನು ತೆರೆದು ಕೀಲಿಕೈಯ ಕಥೆ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಸರಳವಾಗಿ ಪಾಠ ಮಾಡಿದ್ದಿಲ್ಲ. ಕೇಳುವವರು ಅರ್ಜಿ ಹಿಡಿದು ಕೂತಾಗ ತಮಾಷೆ ತಾನಾಗಿ ನಿಲ್ಲುತ್ತದೆ. ಅವರು ಎರಡು ಗೆರೆಯ ಮೇಲೆ ಬೆರಳಿಟ್ಟು, ತಮ್ಮ ಅವ್ವನಿಂದ ಮಗಳವರೆಗೆ ಎರಡು ದಾರಿಯನ್ನೂ ಎಳೆದು ನೋಡಿದರು.

"ಹಿಂಡಿನ ಟಗರು ಮೂರು ವರ್ಷಕ್ಕ ಬದಲ್ ಮಾಡತೇವ್ರಿ ನಾವು" ಎಂದರು ಮೆಲ್ಲಗೆ. "ಅದರ ಪಿಳಿಗಿ ಅದಕ್ಕ ಕೂಡಬಾರದಂತ. ಮನಿಯಾಗ ಈ ಲೆಕ್ಕ ಹಿಡೀಲಿಲ್ಲ." ಆಮೇಲೆ ತಲೆಯೆತ್ತಿದರು. "ಹಂಗಾರ ಆಕಿ ಹೇಳಿದ್ದು ಖರೇನ ಐತಿ. ಮತ್ತ ಸುಳ್ಳ ಅಂತ ಅಂದವ್ರ್ಯಾರ್ರಿ?"

ಇದಕ್ಕೆ ನಾನು ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ವಿಜ್ಞಾನದಲ್ಲಿ ತಪ್ಪು ತಿದ್ದಿಕೊಳ್ಳುವುದು, ಇತ್ಯಾದಿ. ಒಂದು ಶಬ್ದವೂ ನೆನಪಾಗಲಿಲ್ಲ.

"ನಾನ ಅಂದೇನ್ರಿ."

"ನಿಮಗ ಕಾಣತೈತೇನ್ರಿ ಅದು?"

ಹುಡುಗಿ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು.

"ಇಲ್ರಿ" ಎಂದೆ. "ನನಗೂ ಕಾಣಂಗಿಲ್ರಿ. ಅವತ್ತೂ ಕಾಣಲಿಲ್ಲ."

ಅವರು ಹಾಳೆಯನ್ನು ತಿರುಗಿಸಿದರು. "ಹಿಂದ ಬರದೀರಲ್ರಿ" ಎಂದರು. ನಾನು ತಲೆಯಾಡಿಸಿದೆ. ಮೂವರೂ ಆ ಹಾಳೆ ನೋಡುತ್ತ ಕೂತೆವು. ಅಷ್ಟರಲ್ಲಿ ಬಾಗಿಲಿನಲ್ಲಿದ್ದ ಅವ್ವ ಒಳಗೆ ಬಂದರು, ಗಂಡನ ಕೈಯಿಂದ ಹಾಳೆ ತೆಗೆದುಕೊಂಡು ನೆಟ್ಟಗೆ ತಿರುಗಿಸಿ ಹಿಡಿದರು.

"ನಲ್ವತ್ತೈದು" ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು ನಮ್ಮಿಬ್ಬರನ್ನೂ ನೋಡಿದರು. "ಕಾಣದವ್ರು ಇಬ್ರೂ ಕೂಡಿ, ಕಾಣವಲ್ದು ಅಂತ ಖರೇ ಹೇಳಿದ ಹುಡುಗಿಗಿ ಸುಳ್ಳಿ ಅಂದೀರೇನ್ರಿ?"

ಅಪ್ಪ ಟಿಸಿಯ ಅರ್ಜಿಯನ್ನು ನಾಲ್ಕಾಗಿ ಮಡಚಿ ಕಂಬಳಿಯ ಒಳಗೆ ಇಟ್ಟುಕೊಂಡರು. ನಾನು ಜೇಬಿನಿಂದ ಪೆನ್ನು ತೆಗೆದು, ನಕ್ಷೆಯ ಮೇಲೆ ನಾನು ಬರೆದಿದ್ದ ಮಾತನ್ನು ಹೊಡೆದು ಹಾಕಿ, ಹತ್ತಕ್ಕೆ ಹತ್ತು ಎಂದು ಬರೆದು, ಅದರ ಕೆಳಗೆ ತಪ್ಪು ನನ್ನದು ಎಂದೂ ಬರೆದು, ಹಾಳೆಯನ್ನು ಹುಡುಗಿಗೆ ಕೊಟ್ಟೆ. ಅವಳು ಓದಿದಳು.

"ಸರ, ಕೆಂಪು ಇಂಕಿಲೆ ಬರದೀರೇನ್ರಿ?"

"ನನಗ ಗೊತ್ತಿಲ್ಲವಾ. ನಿಮ್ಮವ್ವನ್ನ ಕೇಳು."

ಅವಳು ಹಾಳೆಯನ್ನು ಅವ್ವನ ಮುಂದೆ ಹಿಡಿದಳು. ಅವ್ವ ಒಮ್ಮೆ ನೋಡಿ, "ಹಸರು" ಎಂದರು.